ಊಟದ ಮೇಜಿನ ಮೇಲಿನ ಮನೆಗೆ ಪಟ, ಹಾಡು, ಪರವಾನಗಿ

ಈ ಪುಟಾಣಿ ಮನೆಯ ಗೋಡೆ ಶೂ ಡಬ್ಬದ ರಟ್ಟು. ಕಂಬಗಳು ಐಸ್‌ಕ್ರೀಮ್ ಕಡ್ಡಿ. ನನ್ನ ಹೊಸ ಪುಟಾಣಿ ಸಿನಿಮಾದ ಕಥೆ 1929ರ ಮೈಸೂರಿನ ಒಂದು ಮನೆಯಲ್ಲಿ ನಡೆಯುತ್ತದೆ. ಆ ಮನೆ ಸದ್ಯಕ್ಕೆ ನಮ್ಮ ಊಟದ ಮೇಜಿನ ಮೇಲಿದೆ. ನಿಜವಾದ ಮನೆಯಲ್ಲಿ ಒಂದು ಅಡಿ ಇರುವುದು ಇಲ್ಲಿ ಒಂದು ಇಂಚು. ಮನೆಯವರೆಲ್ಲ ತಟ್ಟೆ ಹಿಡಿದು ಸೋಫಾದಲ್ಲಿ ಕೂತು ಊಟ ಮಾಡುತ್ತಿದ್ದಾರೆ.

ಮನೆ ಕಟ್ಟುವುದು ಕಷ್ಟವಲ್ಲ. ರಟ್ಟು, ಫೆವಿಕಾಲ್, ಸ್ವಲ್ಪ ತಾಳ್ಮೆ ಸಾಕು. ಗೋಡೆಗೆ ಯಾವ ಪಟ ಹಾಕಬೇಕು, ಹಿನ್ನೆಲೆಗೆ ಯಾವ ಸಂಗೀತ ಬೇಕು, ಅವಕ್ಕೆ ಯಾರ ಅನುಮತಿ ಬೇಕು, ತಲೆನೋವು ಶುರುವಾಗುವುದೇ ಅಲ್ಲಿ. "ಎರಡು ನಿಮಿಷದ ಸಿನಿಮಾ, ಯಾರು ಕೇಳ್ತಾರೆ ಬಿಡು" ಅನ್ನುವವರು ಜಾಸ್ತಿ. ಕೇಳ್ತಾರೆ ಕಣ್ರೀ. ಹಾಡು ಗುರುತು ಹಿಡಿಯುವ ಯೂಟ್ಯೂಬ್ ಯಂತ್ರಕ್ಕೆ ಚಿಕ್ಕ ಸಿನಿಮಾ, ದೊಡ್ಡ ಸಿನಿಮಾ ಅನ್ನುವ ಭೇದವಿಲ್ಲ.

ಮೊದಲು ಪಟ. ಚಿತ್ರ ಎಷ್ಟು ಚೆನ್ನಾಗಿದೆ ಅಂತ ನೋಡುವ ಮೊದಲು, ಬರೆದವರು ಯಾವ ವರ್ಷ ತೀರಿಕೊಂಡರು ಅಂತ ನೋಡುತ್ತೇನೆ. ನಮ್ಮ ಕಾನೂನಿನ ಪ್ರಕಾರ ಕಲಾವಿದರು ತೀರಿಕೊಂಡ ಮೇಲೂ 60 ವರ್ಷ ಕಾಪಿರೈಟ್ ಹಕ್ಕು ಉಳಿಯುತ್ತದೆ. ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ ಲೆಕ್ಕ. ರವಿವರ್ಮ ಹೋದದ್ದು 1906ರಲ್ಲಿ. ಅವರ ಸರಸ್ವತಿಯನ್ನು ಯಾರು ಬೇಕಾದರೂ ಗೋಡೆಗೆ ಹಾಕಿಕೊಳ್ಳಬಹುದು. ಆದರೆ ಒಂದು ಮಾತು. ಅವರ ಹೆಸರಿನ ಮುದ್ರಣಾಲಯ ಅವರ ನಂತರವೂ ನಡೆಯಿತು, ಬೇರೆಯವರ ಚಿತ್ರಗಳೂ ಅಲ್ಲಿ ಅಚ್ಚಾದವು. ಹೆಸರು ನೋಡಿದ ತಕ್ಷಣ ಡೌನ್‌ಲೋಡ್ ಒತ್ತಬೇಡಿ.

ಇನ್ನು ಕಲಬುರಗಿಯ ಎಸ್. ಎಂ. ಪಂಡಿತ್. ಅವರ ಕ್ಯಾಲೆಂಡರ್ ದೇವರುಗಳು ಅಂದ್ರೆ ನನಗೆ ಪ್ರಾಣ. ಅವರು ತೀರಿಕೊಂಡದ್ದು 1993ರಲ್ಲಿ. ಹಾಗಾದರೆ 2053 ಮುಗಿಯುವವರೆಗೆ ಸುಮ್ನೆ ನೋಡಿ ಖುಷಿಪಡಬೇಕು, ಅಷ್ಟೇ. ಕೆ. ವೆಂಕಟಪ್ಪನವರು ಹೋದದ್ದು 1965ರಲ್ಲಿ. ಅವರ 60 ವರ್ಷದ ಲೆಕ್ಕ 2025ರ ಕೊನೆಯವರೆಗೆ. ಊಟಿಯ ಮಂಜು ಇರುವ ಅವರ ಜಲವರ್ಣ ಚಿತ್ರ ಕಿಟಕಿಯ ಆಚೆ ಇಟ್ಟರೆ ಹೇಗಿರುತ್ತದೆ ಯೋಚಿಸಿ! ಆದರೆ ಹಕ್ಕು ಮುಗಿದ ಮಾತ್ರಕ್ಕೆ ಒಳ್ಳೆಯ ಫೋಟೋ ಕೈಗೆ ಬರುವುದಿಲ್ಲ. ಅದು ಬೇರೆ ಹುಡುಕಾಟ.

ಪಟ ಬರೀ ಹಿನ್ನೆಲೆಯಲ್ಲಿ ಹಾಗೇ ಬಂದು ಹೋಗುವುದಾದರೆ ನಮ್ಮ ಕಾನೂನು ಸಿನಿಮಾಗೆ ವಿನಾಯಿತಿ ಕೊಡುತ್ತದೆ. ನನ್ನ ಕ್ಯಾಮೆರಾ ಮಾತ್ರ ಸೀದಾ ಪಟದ ಮುಂದೆ ಹೋಗಿ ನಿಲ್ಲುತ್ತದೆ. ಹಾಗಾಗಿ ಆ ಬಾಗಿಲು ನನಗಿಲ್ಲ.

ಇದು ನೋಡಿ, ಒಂದೂವರೆ ಇಂಚಿನ ಸರಸ್ವತಿ. ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ತಾಣ ವಿಕಿಮೀಡಿಯಾ ಕಾಮನ್ಸ್‌ನ ದೊಡ್ಡ ಫೈಲು. ಮನೆಯ ಪ್ರಿಂಟರ್‌ನಲ್ಲಿ ತೆಗೆದರೆ ಹತ್ತಿರದ ಶಾಟ್‌ನಲ್ಲಿ ಮುಖದ ತುಂಬ ಚುಕ್ಕಿ. ಅದಕ್ಕೇ ಫೋಟೋ ಸ್ಟುಡಿಯೋದಲ್ಲಿ ಮ್ಯಾಟ್ ಪೇಪರ್ ಮೇಲೆ ಹಾಕಿಸಿದೆ. ಕತ್ತರಿಸಿದಾಗ ಅಂಚಿನಲ್ಲಿ ಬಿಳಿ ಗೆರೆ ಕಾಣುತ್ತದೆ, ಅದಕ್ಕೆ ಕಂದು ಸ್ಕೆಚ್ ಪೆನ್. ಕಟ್ಟು ಬೆಂಕಿಕಡ್ಡಿಯದು. ಸೂಜಿ ಮೊನೆಯಿಂದ ಗಾಜಿನ ಮೇಲೆ ಒಂದು ಚೂರು ಕುಂಕುಮ. ಗಾಜು ಅಂದರೆ ಓಎಚ್‌ಪಿ ಶೀಟು, ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಈ ಕುಂಕುಮ ಇಟ್ಟ ಮೇಲೆಯೇ ಪಟ ಮನೆಯದ್ದು ಅನಿಸಿತು.

ಚಾಪೆ, ಜಮಖಾನದ ವಿನ್ಯಾಸಕ್ಕೆ ನ್ಯೂಯಾರ್ಕ್‌ನ ಮೆಟ್ ಮ್ಯೂಸಿಯಂ ಸೈಟು ಸಾಕು. 2017ರಿಂದ ಅವರು ಹಕ್ಕು ಮುಗಿದ ವಸ್ತುಗಳ ಫೋಟೋಗಳನ್ನು ಯಾರು ಬೇಕಾದರೂ ಬಳಸಲಿ ಅಂತ ಬಿಟ್ಟಿದ್ದಾರೆ. ಪುಟದಲ್ಲಿ ಓಪನ್ ಆಕ್ಸೆಸ್ ಗುರುತು ಇದೆಯಾ ನೋಡಿಕೊಳ್ಳಿ.

ಈಗ ಸಂಗೀತ. ನಿಜ ಹೇಳಬೇಕಂದ್ರೆ ಈ ಕಥೆ ಹುಟ್ಟಿದ್ದೇ ಒಂದು ರೆಕಾರ್ಡಿನಿಂದ. 1902ರ ನವೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಹಾಡಿದರು. 1928ರಲ್ಲಿ ಮೈಸೂರು ಅರಮನೆಗೆ ಬಂದರು, 1930ರ ಜನವರಿಯಲ್ಲಿ ಇಲ್ಲೇ ತೀರಿಕೊಂಡರು. ನನ್ನ ಸಿನಿಮಾದ ಹುಡುಗ ಗ್ರಾಮಫೋನ್ ಮುಂದೆ ಕೂತು ಅವರ ಹಾಡು ಕೇಳುತ್ತಿರುತ್ತಾನೆ. ಹಾಡಿದವರು ಅದೇ ಊರಲ್ಲಿದ್ದಾರೆ ಅಂತ ಅವನಿಗೆ ಗೊತ್ತಿಲ್ಲ.

ಧ್ವನಿಮುದ್ರಣಕ್ಕೆ ನಮ್ಮಲ್ಲಿ ಹೊರಬಂದ ಮೇಲೆ 60 ವರ್ಷ ಹಕ್ಕು. ಯೂಟ್ಯೂಬ್‌ಗೆ ಹಾಕುವುದರಿಂದ ಅಮೆರಿಕದ ಲೆಕ್ಕವನ್ನೂ ನೋಡಬೇಕು, ಅದು ಬೇರೆ. ಅಲ್ಲಿ 1923ಕ್ಕಿಂತ ಹಿಂದಿನ ರೆಕಾರ್ಡುಗಳು ಮುಕ್ತವಾದದ್ದು 2022ರಲ್ಲಿ. 1902ರದ್ದು ಎರಡೂ ಕಡೆ ಪಾಸ್. ಹಾಡಿನ ಕೊನೆಗೆ ಅವರು ಇಂಗ್ಲಿಷ್‌ನಲ್ಲಿ "ಮೈ ನೇಮ್ ಈಸ್ ಗೌಹರ್ ಜಾನ್" ಅನ್ನುತ್ತಾರೆ. ಆಗ ಗ್ರಾಮಫೋನ್ ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ. ಯಾರ ಹಾಡು ಅಂತ ಅಲ್ಲಿನವರಿಗೆ ತಿಳಿಯಲಿ ಅಂತ ಹೀಗೆ ಹೆಸರು ಹೇಳುತ್ತಿದ್ದರು. ನನ್ನ ಹುಡುಗ ತಲೆ ಎತ್ತುವುದು ಆ ಹೆಸರು ಕೇಳಿದಾಗ. ಮುಳ್ಳಿನ ಕರಕರ ಸದ್ದನ್ನು ನಾನು ತೆಗೆದಿಲ್ಲ. ತೆಗೆದರೆ ಹಾಡು ಬೋಳು ಅನಿಸುತ್ತದೆ.

ಉಳಿದ ದೃಶ್ಯಗಳಿಗೆ ಕೊಳಲು ಬೇಕಿತ್ತು. ಕ್ರಿಯೇಟಿವ್ ಕಾಮನ್ಸ್‌ನಲ್ಲಿ, ಅಂದರೆ ಷರತ್ತು ಹಾಕಿ ಪುಕ್ಕಟೆ ಬಳಸಲು ಬಿಡುವ ಪರವಾನಗಿಯಲ್ಲಿ, ಬೇಕಾದಷ್ಟು ಇದೆ, ಆದರೆ "ನೋ ಡೆರಿವೇಟಿವ್ಸ್" (ಬದಲಾಯಿಸುವ ಹಾಗಿಲ್ಲ) ಅಂತಿದ್ದರೆ ವಿಡಿಯೋಗೆ ಜೋಡಿಸುವ ಹಾಗಿಲ್ಲ. "ನಾನ್ ಕಮರ್ಷಿಯಲ್" (ದುಡ್ಡು ಮಾಡುವ ಹಾಗಿಲ್ಲ) ಅಂತಿದ್ದು, ನಿಮ್ಮ ಚಾನೆಲ್‌ನಲ್ಲಿ ಜಾಹೀರಾತು ಬರುತ್ತಿದ್ದರೆ, ಅದರ ತಂಟೆಗೂ ಹೋಗಬೇಡಿ. ಜೊತೆಗೆ ರೆಡಿಮೇಡ್ ಲೈಬ್ರರಿ ಸಂಗೀತ ಎಲ್ಲಾ ವ್ಲಾಗ್‌ನಲ್ಲೂ ಕೇಳಿ ಕೇಳಿ ಸಾಕಾಗಿದೆ, ಅಲ್ವಾ?

ಹಾಗಾಗಿ ನಮ್ಮ ಬೀದಿಯ ಹುಡುಗನನ್ನೇ ಕೇಳಿದೆ. ಮೈಸೂರು ವಾಸುದೇವಾಚಾರ್ಯರ ಕೀರ್ತನೆಗಳನ್ನು ಕೊಳಲಲ್ಲಿ ನುಡಿಸುತ್ತಾನೆ. ಅವರು ತೀರಿಕೊಂಡದ್ದು 1961ರಲ್ಲಿ, ಅವರ ರಚನೆಗಳ ಹಕ್ಕು 2021ಕ್ಕೇ ಮುಗಿಯಿತು. ಆದರೆ ಇವನು ನುಡಿಸಿದ್ದು ಇವನದು. ಅದಕ್ಕೆ ದುಡ್ಡು, ಒಂದು ಒಪ್ಪಂದದ ಕಾಗದ. ಕಾಗದದಲ್ಲಿ ಅವಧಿ ಬರೆಯದಿದ್ದರೆ ನಮ್ಮ ಕಾನೂನು ಅದನ್ನು ಐದೇ ವರ್ಷ ಅಂತ ಹಿಡಿಯುತ್ತದೆ. ಯಾವ ದೇಶಗಳಿಗೆ ಅಂತ ಬರೆಯದಿದ್ದರೆ ಭಾರತ ಮಾತ್ರ. ಯೂಟ್ಯೂಬ್‌ಗೆ ಅದು ಸಾಲುತ್ತದಾ? ಎರಡನ್ನೂ ಬರೆದೆ. "ಏನಕ್ಕಾ, ಆಸ್ತಿ ಬರೆಸ್ಕೊಳ್ತಿದ್ದೀರಾ?" ಅಂದ. ಓದಿಕೊಂಡು ಸಹಿ ಮಾಡಪ್ಪಾ ಅಂದೆ. ಓದಿದ. ಓದಿ ಇನ್ನೂ ಐನೂರು ಜಾಸ್ತಿ ಕೇಳಿದ.