ಕೆಳಗೆ ಸ್ಟುಡಿಯೊ, ಮಹಡಿ ಮೇಲೆ ಹಾಡು

ಕೇಳುಗರೇ, ನಮಸ್ಕಾರ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತಾರಲ್ಲ, ಅಮೆರಿಕದ ನ್ಯಾಶ್‌ವಿಲ್ ಊರಿನ ಒಂದು ಜೋಡಿಯ ಮುನಿಸು ಮಲಗುವ ಕೋಣೆಯಲ್ಲೇ ಹಾಡಾಯಿತು. ಅವರು ಬಡ್ಡಿ ಮಿಲ್ಲರ್ ಮತ್ತು ಜೂಲಿ ಮಿಲ್ಲರ್. ಸಾಲದ ಬಡ್ಡಿ ಅಲ್ಲ ಮತ್ತೆ!

ಇವರು ಹಾಡುವುದು ಅಮೆರಿಕಾನಾ. ಅಲ್ಲಿನ ಹಳ್ಳಿಗಳ ಕಂಟ್ರಿ ಹಾಡು, ಕಪ್ಪು ಜನರ ಬ್ಲೂಸ್ ಹಾಡು, ಚರ್ಚಿನ ಗಾಸ್ಪೆಲ್, ಹಳ್ಳಿಗಾಡಿನ ಪಿಟೀಲು, ಎಲ್ಲವೂ ಬೆರೆತ ಸಂಗೀತ ಅದು.

1970ರ ದಶಕ. ಟೆಕ್ಸಾಸಿನ ಆಸ್ಟಿನ್‌ನಲ್ಲಿ ಜೂಲಿ ಹಾಡುತ್ತಿದ್ದ ಬ್ಯಾಂಡಿಗೆ ಗಿಟಾರ್ ನುಡಿಸಲು ಬಡ್ಡಿ ಬಂದರು. 'ಇವರು ಬೇಡ' ಅಂದವರು ಜೂಲಿ. ಪುಣ್ಯಕ್ಕೆ ಬ್ಯಾಂಡಿನವರು ಆ ಮಾತು ಕೇಳಲಿಲ್ಲ. ಮುಂದೆ ಇಬ್ಬರಿಗೂ ಮದುವೆಯೇ ಆಯಿತು.

ಬಡ್ಡಿಯವರ ದನಿ ಒರಟು. ಜೂಲಿಯವರದು ಪುಟ್ಟ ಹುಡುಗಿಯ ದನಿಯಷ್ಟು ತೆಳು. ನಮ್ಮಲ್ಲಿ ಇಬ್ಬರು ಕೂತು ಹಾಡಿದರೂ ಹಿಡಿಯುವುದು ಒಂದೇ ಸ್ವರ, ಅಲ್ವಾ? ಅಲ್ಲಿ ಒಬ್ಬರು ಷಡ್ಜದಲ್ಲಿ ನಿಂತರೆ ಇನ್ನೊಬ್ಬರು ಗಾಂಧಾರದಲ್ಲಿ ನಿಲ್ಲಬಹುದು. ಬೇರೆ ಬೇರೆ ಸ್ವರ, ಒಂದೇ ಉಸಿರು. ಅದು ಸುಮ್ನೆ ಬರುವುದಿಲ್ಲ. ಎದುರಿನವರು ಎಲ್ಲಿ ಉಸಿರು ಎಳೆಯುತ್ತಾರೆ ಅಂತ ಗೊತ್ತಿರಬೇಕು.

2009ರಲ್ಲಿ ಬಡ್ಡಿಯವರಿಗೆ ಬಾಲ್ಟಿಮೋರ್‌ನಲ್ಲಿ ಹೃದಯಾಘಾತವಾಯಿತು. ಬೈಪಾಸ್ ಆಯಿತು. ಇಬ್ಬರೂ ಸೇರಿ ಮಾಡಿದ 'ರಿಟನ್ ಇನ್ ಚಾಕ್' ಅದೇ ವರ್ಷ ಅಮೆರಿಕಾನಾ ಪ್ರಶಸ್ತಿಗಳಲ್ಲಿ ವರ್ಷದ ಆಲ್ಬಮ್ ಅನ್ನಿಸಿಕೊಂಡಿತು.

ಆಮೇಲೆ ಹತ್ತು ವರ್ಷ ಜೋಡಿ ಆಲ್ಬಮ್ಮೇ ಇಲ್ಲ. ಮನೆಯ ಕೆಳಗಡೆಯೇ ಸ್ಟುಡಿಯೊ. ಅಲ್ಲಿ ಬಡ್ಡಿ ಬೇರೆಯವರ ಹಾಡುಗಳಲ್ಲಿ ಮುಳುಗಿದ್ದರು. ಜೂಲಿಯವರಿಗೆ ಫೈಬ್ರೊಮಯಾಲ್ಜಿಯಾ, ಅಂದರೆ ಮೈಯೆಲ್ಲ ನೋವು. ತಮ್ಮದೇ ಮನೆಯಲ್ಲಿ ತಾವೇ ಬದಿಗೆ ಸರಿದಂತೆ ಅವರಿಗೆ ಅನ್ನಿಸಿದ್ದರೆ ತಪ್ಪೇನು? ಯಾವ ಮನೆಯಲ್ಲಿ ಇಲ್ಲ ಇದು, ಹೇಳಿ.

ಕೊನೆಗೆ ಹಾಡು ಹುಟ್ಟಿದ್ದು ಆ ಸ್ಟುಡಿಯೊದಲ್ಲಲ್ಲ. ಮಹಡಿಯ ಮೇಲಿನ ಪುಟ್ಟ ಮಲಗುವ ಕೋಣೆಗೆ ಮೈಕು, ಗಿಟಾರು ಹೋದವು. ಹಾಡುಗಳನ್ನು ಬರೆದವರು ಜೂಲಿ. 2019ರಲ್ಲಿ 'ಬ್ರೇಕ್‌ಡೌನ್ ಆನ್ ಟ್ವೆಂಟಿಯತ್ ಅವೆನ್ಯೂ ಸೌತ್' ಬಂತು. ಮುನಿಸನ್ನು ಮುಚ್ಚಿಡಲಿಲ್ಲ, ಹಾಡಿಬಿಟ್ಟರು. 2023ರಲ್ಲಿ ಇನ್ನೊಂದು ಆಲ್ಬಮ್ ತಂದರು, 'ಇನ್ ದ ಥ್ರೋಸ್'.

ಕೇಳುವಾಗ ಒಂದು ಸಲ ಮಾತು ಬಿಟ್ಟು ಬರೀ ದನಿ ಕೇಳಿ. ಮೊದಲು ತೆಳು ದನಿ, ಆಮೇಲೆ ಅದರ ಕೆಳಗೆ ಕೂತಿರುವ ಒರಟು ದನಿ.