ಹುಣ್ಣು ಎಲ್ಲಿ ಎದ್ದಿದೆ?

ಕೇಳುಗರಿಗೆ ನಮಸ್ಕಾರ.

ಕಾಲಿನ ಹುಣ್ಣು ಮಾಯುತ್ತಿಲ್ಲ ಅಂತ ಬರುವವರು ಮೊದಲು ಮುಲಾಮಿನ ಟ್ಯೂಬು ತೋರಿಸುತ್ತಾರೆ. ಅರಿಶಿನ ಮೆತ್ತಿದ್ದೂ ಆಗಿರುತ್ತದೆ. ನಾನು ಕೇಳುವುದು ಬೇರೆ. ಹುಣ್ಣು ಎಲ್ಲಿ ಎದ್ದಿದೆ? ನೋವು ಯಾವಾಗ ಜಾಸ್ತಿ?

ದಿನವಿಡೀ ದೋಸೆ ಕಾವಲಿಯ ಮುಂದೆ ನಿಲ್ಲುವವರ ಕಾಲು ನೋಡಿ. ಸಂಜೆಗೆ ಬಾವು, ಉಬ್ಬಿದ ನರ, ಕಾಲಗಂಟಿನ ಒಳಬದಿಯಲ್ಲಿ ಕಂದುಬಣ್ಣ. ಹುಣ್ಣು ಏಳುವುದೂ ಅಲ್ಲೇ. ಆಳ ಇಲ್ಲ, ನೀರು ಸೋರುತ್ತದೆ, ಕಾಲು ಮೇಲಿಟ್ಟರೆ ಹಾಯೆನಿಸುತ್ತದೆ. ಕಾಲಿನ ರಕ್ತ ಹೃದಯದ ಕಡೆ ಏರಬೇಕಲ್ವಾ? ಅದು ಕೆಳಗೆ ಜಾರದಂತೆ ನಾಳದೊಳಗೆ ಪುಟ್ಟ ಕವಾಟಗಳಿವೆ. ನಮ್ಮ ಅಘನಾಶಿನಿ ಹೊಳೆ ಬದಿಯ ಗಜನಿ, ಅಂದರೆ ತಗ್ಗಿನ ಗದ್ದೆಗಳ, ಕಟ್ಟೆಯ ಬಾಗಿಲಿದ್ದಂತೆ. ಬಾಗಿಲು ಕೆಟ್ಟರೆ ಭರತದ ಉಪ್ಪುನೀರು ಗದ್ದೆಗೆ ನುಗ್ಗುತ್ತದೆ. ಕವಾಟ ಕೆಟ್ಟರೆ ರಕ್ತ ಕಾಲಲ್ಲೇ ನಿಲ್ಲುತ್ತದೆ. ಒತ್ತಿ ಕಟ್ಟುವ ಪಟ್ಟಿ ಇದಕ್ಕೆ ಒಳ್ಳೆಯ ಮದ್ದು.

ಆದರೆ ಅದೇ ಪಟ್ಟಿ ಇನ್ನೊಬ್ಬರ ಬೆರಳನ್ನೇ ಕಳೆಯಬಹುದು. ವರ್ಷಗಟ್ಟಲೆ ಬೀಡಿ ಸೇದಿದವರಲ್ಲಿ ರಕ್ತ ಇಳಿದು ಬರುವ ದಾರಿಯೇ ಕಟ್ಟಿರುತ್ತದೆ. ಪಾದ ತಣ್ಣಗಿರುತ್ತದೆ. ಹುಣ್ಣು ಬೆರಳ ತುದಿಯಲ್ಲೋ ಹಿಮ್ಮಡಿಯಲ್ಲೋ, ಅಂಚು ಕತ್ತರಿಸಿಟ್ಟಂತೆ. ರಾತ್ರಿ ನೋವು ತಾಳದೆ ಮಂಚದಿಂದ ಕಾಲು ಇಳಿಬಿಟ್ಟು ಕೂರುತ್ತಾರೆ. ಇಂಥ ಕಾಲನ್ನು ಬಿಗಿದರೆ ಬರುವ ಚೂರು ರಕ್ತವೂ ನಿಂತಿತು. ಸುಮ್ನೆ ಅಂಗಡಿಯಿಂದ ಪಟ್ಟಿ ತಂದು ಸುತ್ತಬೇಡಿ ಅನ್ನುವುದು ಇದಕ್ಕೇ. ಮೊದಲು ಕಾಲಗಂಟಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿ ನೋಡಬೇಕು. ಸಾಮಾನ್ಯವಾಗಿ 1ರ ಆಸುಪಾಸು ಬರುತ್ತದೆ. 0.9ಕ್ಕಿಂತ ಕಡಿಮೆಯಾದರೆ ರಕ್ತದ ದಾರಿ ಕಿರಿದಾಗಿದೆ ಎಂದರ್ಥ. ಹಳೆಯ ಸಕ್ಕರೆ ಕಾಯಿಲೆಯವರಲ್ಲಿ ನಾಳ ಗಡುಸಾಗಿ ಈ ಲೆಕ್ಕ ಮೋಸ ಮಾಡುವುದೂ ಉಂಟು. ಕೆಲವರಿಗೆ ಎರಡೂ ತೊಂದರೆ ಒಟ್ಟಿಗೇ ಇರುತ್ತವೆ, ಆಗ ನಮಗೂ ತಲೆಬಿಸಿ.

ನನಗೆ ಹೆಚ್ಚು ಹೆದರಿಕೆ ನೋವಿಲ್ಲದ ಹುಣ್ಣಿನದು. ಸಕ್ಕರೆ ಕಾಯಿಲೆಯಲ್ಲಿ ಪಾದ ಜೋಮು ಹಿಡಿದಿರುತ್ತದೆ. ಸುಡುವ ಮರಳಲ್ಲಿ ಬರಿಗಾಲಲ್ಲಿ ನಡೆದರೂ ಗೊತ್ತಾಗದು, ಚಪ್ಪಲಿಯೊಳಗಿನ ಕಲ್ಲೂ ಚುಚ್ಚದು. ಅಂಗಾಲಿನ ಆಣಿಯ ಕೆಳಗೇ ಹುಣ್ಣು ಬೆಳೆಯುತ್ತದೆ. ಕುಷ್ಠರೋಗದಲ್ಲೂ ಹೀಗೇ. ಹತ್ತು ಗ್ರಾಂ ಒತ್ತಡದ ನೈಲಾನ್ ಎಳೆ ತಾಗಿಸಿ ಸ್ಪರ್ಶ ಪರೀಕ್ಷಿಸುತ್ತೇವೆ, ನಿಮಿಷದ ಕೆಲಸ.

ಎಷ್ಟೋ ತಿಂಗಳಾದರೂ ಮಾಯದೆ ಅಂಚು ದಪ್ಪಗಾದರೆ ಚೂರು ತೆಗೆದು ಕ್ಯಾನ್ಸರ್ ಇದೆಯೇ ಅಂತ ನೋಡಲೇಬೇಕು.

ಸಕ್ಕರೆ ಕಾಯಿಲೆ ಇದ್ದವರು ಇವತ್ತು ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ. ಬೆರಳು ಕಪ್ಪಾಗಿದ್ದರೆ, ಕೆಟ್ಟ ವಾಸನೆಯ ಜೊತೆ ಜ್ವರ ಬಂದರೆ, ಬೆಳಗಾಗಲಿ ಅಂತ ಕಾಯದೆ ಹೊರಡಿ.