ಖುಕ್ರಿಯ ಹಿರಿಯರಿಗೂ ಒಂದು ಎಡೆ

ನಮಸ್ಕಾರ. ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಬಾಳೆಲೆ ತುದಿಗೆ ಅಜ್ಜನಿಗೆ ಇಷ್ಟವಾದ ವಡೆ, ಪಕ್ಕದಲ್ಲಿ ಹೊಸ ಪಂಚೆ. ಈ ಸಲ ಕೈಮುಗಿದು ನಿಂತಾಗ ಅಜ್ಜನ ಜೊತೆ ಇನ್ನೊಬ್ಬರೂ ನೆನಪಾದರು. ನಮ್ಮ ನೌಕಾಪಡೆಯ ಯುದ್ಧನೌಕೆ ಖುಕ್ರಿಯ ನಾಯಕ, ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ.

ಡಿಸೆಂಬರ್ 4 ನೌಕಾಪಡೆ ದಿನ ಅಲ್ವಾ? 1971ರಲ್ಲಿ ನಮ್ಮವರು ಕರಾಚಿ ಬಂದರಿನ ಮೇಲೆ ದಾಳಿ ಮಾಡಿದ ನೆನಪಿಗೆ. ಸಂಭ್ರಮ ಪಡಲೇಬೇಕಾದ ದಿನ. ಆದರೆ ಐದೇ ದಿನ ಕಳೆದು, ಡಿಸೆಂಬರ್ 9ರ ರಾತ್ರಿ, ದಿಯು ತೀರದಾಚೆ ಐಎನ್‌ಎಸ್ ಖುಕ್ರಿ ಮುಳುಗಿತು. ಆ ತಾರೀಖು ಯಾಕೆ ಸುಮ್ನೆ ಕಳೆದುಹೋಗುತ್ತದೆ?

ಖುಕ್ರಿ ಮತ್ತು ಜೊತೆಯ ಹಡಗು ಕೃಪಾಣ್ ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ಅನ್ನು ಹುಡುಕುತ್ತಾ ಹೊರಟಿದ್ದವು. ನೀರೊಳಗಿನ ಸದ್ದಿನಿಂದ ಹಡಗು ಪತ್ತೆಹಚ್ಚುವ ಸಾಧನ ಸೋನಾರ್. ನಮ್ಮ ಸೋನಾರ್‌ಗಿಂತ ಹ್ಯಾಂಗೋರ್‌ನ ಸೋನಾರ್‌ಗೆ ಜಾಸ್ತಿ ದೂರ ಕೇಳಿಸುತ್ತಿತ್ತು. ಹುಡುಕಲು ಹೋದವರನ್ನು ಅದೇ ಮೊದಲು ಕಂಡಿತು. ಟಾರ್ಪೆಡೊ ಬಡಿದ ಮೇಲೆ ಸಿಕ್ಕಿದ್ದು ಕೆಲವೇ ನಿಮಿಷ.

ಆ ನಿಮಿಷಗಳನ್ನು ಮುಲ್ಲಾ ಹೇಗೆ ಕಳೆದರು ಅನ್ನೋದು ಅವರ ಮಹಾವೀರ ಚಕ್ರದ ಪ್ರಶಸ್ತಿ ಪತ್ರದಲ್ಲೇ ಇದೆ. ಹಡಗು ಬಿಡಿ ಎಂದು ಆಜ್ಞೆ ಕೊಟ್ಟರು. ಗಾಬರಿ ಬೀಳದೆ ಜನರನ್ನು ಸಮುದ್ರಕ್ಕೆ ಇಳಿಸಿದರು. ತಮ್ಮ ಲೈಫ್ ಜಾಕೆಟ್ಟನ್ನು ಒಬ್ಬ ನಾವಿಕನಿಗೆ ಕೊಟ್ಟರು. ಇನ್ನೂ ಯಾರನ್ನಾದರೂ ಉಳಿಸಲು ಆಗುತ್ತದಾ ನೋಡೋಣ ಅಂತ ಹಡಗು ನಡೆಸುವ ಜಾಗವಾದ ಬ್ರಿಡ್ಜ್‌ಗೆ ವಾಪಸ್ ಹತ್ತಿದರು. ಅವರನ್ನು ಕೊನೆಗೆ ಕಂಡದ್ದು ಹಡಗಿನ ಜೊತೆ ಮುಳುಗುತ್ತಾ ಇದ್ದಾಗ. ವಯಸ್ಸು 45.

ಆ ರಾತ್ರಿ ಹೋದವರು 18 ಅಧಿಕಾರಿಗಳು, 176 ನಾವಿಕರು. ಹಡಗಿನೊಳಗೇ ಉಳಿದವರಿಗೆ ಚಿತೆ ಇಲ್ಲ, ನದಿಗೆ ಬಿಡಲು ಅಸ್ಥಿ ಇಲ್ಲ. ಮನೆಯವರಿಗೆ ಉಳಿದದ್ದು ಒಂದು ತಾರೀಖು ಮಾತ್ರ. ಆ ತಾರೀಖನ್ನೂ ನಾವು ಮರೆತರೆ ಅವರಿಗೆ ಏನು ಉಳಿಯುತ್ತದೆ ಹೇಳಿ?

ದಿಯುವಿನಲ್ಲಿ ಸಮುದ್ರದ ಕಡೆ ಮುಖ ಮಾಡಿ ಒಂದು ಸ್ಮಾರಕವಿದೆ. ಗಾಜಿನ ಗೂಡಿನೊಳಗೆ ಖುಕ್ರಿಯ ಮಾದರಿ. ಅದೇ ಹೆಸರಿನ ಇನ್ನೊಂದು ಹಡಗೂ ನಿವೃತ್ತಿಯಾದ ಮೇಲೆ ದಿಯುವಿಗೇ ಬಂದಿದೆ. ಪ್ರವಾಸಕ್ಕೆ ಹೋಗುವವರು ಫೋಟೋ ತೆಗೆದುಕೊಳ್ಳಿ, ಬೇಡ ಅನ್ನಲ್ಲ. ಒಂದು ನಿಮಿಷ ಫೋನ್ ಜೇಬಲ್ಲಿಟ್ಟು ನಿಲ್ಲಿ, ಅಷ್ಟೇ.

ಬರುವ ಡಿಸೆಂಬರ್ 9ರ ರಾತ್ರಿ ನಾನು ಇಲ್ಲೇ ಕೂತು, ಸಿಕ್ಕಷ್ಟು ಹೆಸರುಗಳನ್ನು ಒಂದೊಂದಾಗಿ ಓದುತ್ತೇನೆ. ಮೊದಲು ನಾವಿಕರದು. ಮುಲ್ಲಾ ಅವರ ಹೆಸರು ಕೊನೆಗೆ. ಅವರು ಹಡಗಿನಲ್ಲಿ ನಿಂತದ್ದೂ ಹಾಗೇ ಅಲ್ವಾ?